ಲಾಗಿನ್ ಆಗುತ್ತೆ, ಆದರೆ ಬೇರೆ ರೂಟರ್‌ಗೆ ಹೋಗುತ್ತೆ

ಮಂಡ್ಯ ಕಡೆಯ ಕೆಲವು ಬ್ರಾಡ್‌ಬ್ಯಾಂಡ್ ಗ್ರಾಹಕರಿಗೆ ಲಾಗಿನ್ ಆಗುತ್ತಿತ್ತು, ಆದರೆ ಐಪಿ ವಿಳಾಸ ಬೇರೆ ಪೂಲ್‌ನಿಂದ (ಹಂಚಲು ಇಟ್ಟ ವಿಳಾಸಗಳ ಗುಂಪಿನಿಂದ) ಬಂದು ನೆಟ್ ಓಡುತ್ತಿರಲಿಲ್ಲ. ಮೋಡೆಮ್ ರೀಸೆಟ್, ಪಾಸ್‌ವರ್ಡ್, ಪೋರ್ಟ್ ಬದಲಾವಣೆ, ಯಾವುದೂ ಉಪಯೋಗಕ್ಕೆ ಬರಲಿಲ್ಲ. ಪೂಲ್ ದೊಡ್ಡದು ಮಾಡಿದ್ದಂತೂ ಸುಮ್ನೆ ದಂಡ.

ನಮ್ಮದು ಜುನಿಪರ್ ಇ ಸೀರೀಸ್, ಅಂದರೆ ಗ್ರಾಹಕರ ಲಾಗಿನ್ ನೋಡಿಕೊಳ್ಳುವ ರೂಟರ್. ಯಾವ ಡೊಮೈನ್‌ನವರು ಯಾವ ವರ್ಚುವಲ್ ರೂಟರ್‌ಗೆ (ಒಂದೇ ಪೆಟ್ಟಿಗೆಯೊಳಗಿನ ಪ್ರತ್ಯೇಕ ರೂಟರ್) ಹೋಗಬೇಕು ಅನ್ನುವ ಪಟ್ಟಿ ತೋರಿಸುವ ‘ಶೋ ಎಎಎ ಡೊಮೈನ್-ಮ್ಯಾಪ್’ (show aaa domain-map) ಕಮಾಂಡ್ ಕೊಟ್ಟು ನೋಡಿದರೆ ನಮ್ಮ ಡೊಮೈನ್ ಎದುರು ವರ್ಚುವಲ್ ರೂಟರ್ ಸರಿಯಾಗೇ ಇತ್ತು. ಆದರೆ ಈ ಗ್ರಾಹಕರು ಯೂಸರ್ ನೇಮ್ ಆದಮೇಲೆ @ ಹಾಕಿ ಡೊಮೈನ್ ಬರೆದೇ ಇರಲಿಲ್ಲ. ಅಂಥವರಿಗೆ ಆ ಪಟ್ಟಿಯಲ್ಲಿ ‘ನನ್’ (none) ಅನ್ನುವ ಸಾಲು ಬೇಕು, ನಾವು ಹಾಕಿರಲಿಲ್ಲ, ಹಾಗಾಗಿ ಎಲ್ಲರೂ ಡೀಫಾಲ್ಟ್ (ಬೇರೇನೂ ಹೇಳದಿದ್ದರೆ ಬಳಕೆಯಾಗುವ) ವರ್ಚುವಲ್ ರೂಟರ್‌ಗೆ ಬೀಳುತ್ತಿದ್ದರು.

ಪರಿಹಾರ ಇಷ್ಟೇ: ಕಾನ್ಫಿಗ್ ಮೋಡ್‌ನಲ್ಲಿ (ಸೆಟಿಂಗ್ ಬದಲಿಸುವ ಮೋಡ್) ‘ಎಎಎ ಡೊಮೈನ್-ಮ್ಯಾಪ್ ನನ್’ (aaa domain-map none), ಅದರ ಮುಂದೆ ವರ್ಚುವಲ್ ರೂಟರ್ ಹೆಸರು ಹಾಕಿ. ಆಮೇಲೆ ಇನ್ನೊಮ್ಮೆ ಶೋ ಕೊಟ್ಟು ನೋಡಿ. ಆಗಲೇ ಲಾಗಿನ್ ಆಗಿರುವ ಹಳೆ ಸೆಷನ್ ತಾನಾಗೇ ಜಾಗ ಬದಲಿಸುವುದಿಲ್ಲ, ಲಾಗೌಟ್ ಮಾಡಿಸಿ ಮತ್ತೆ ಲಾಗಿನ್ ಮಾಡಿಸಬೇಕು.