ಉಸಿರು ಎಣಿಸಲು ಬೇಕಾದ ವೇಗ

ಹೊಸನಗರ ತಾಲ್ಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರವೊಂದರಲ್ಲಿ ವೈದ್ಯೆಯಾಗಿರುವ ನಾನು, ಕಾಡಿನ ನಡುವಿನ ಉಪಕೇಂದ್ರಗಳಿಗೆ ಬರುವ ರೋಗಿಗಳನ್ನು ಸರ್ಕಾರದ ದೂರವೈದ್ಯ ಸೇವೆ ಇ-ಸಂಜೀವಿನಿಯ ವಿಡಿಯೊ ಕರೆಯಲ್ಲಿ ನೋಡಲು ತೊಡಗಿದ ದಿನಗಳಲ್ಲಿ ಹೆಚ್ಚು ಕಷ್ಟಪಟ್ಟದ್ದು ಕೆಮ್ಮು, ಜ್ವರದಿಂದ ಬಳಲುವ ಪುಟ್ಟ ಮಕ್ಕಳ ವಿಷಯದಲ್ಲಿ. ಒಂದರಿಂದ ಐದು ವರ್ಷದೊಳಗಿನ ಮಗು ನಿಮಿಷಕ್ಕೆ 40 ಅಥವಾ ಅದಕ್ಕಿಂತ ಹೆಚ್ಚು ಬಾರಿ ಉಸಿರಾಡುತ್ತಿದ್ದರೆ ನ್ಯುಮೋನಿಯಾ ಶಂಕಿಸಬೇಕು. ಮಗು ಅಳದೆ ಶಾಂತವಾಗಿರುವಾಗ ಪೂರ್ತಿ ಒಂದು ನಿಮಿಷ ಎಣಿಸಬೇಕು. 3ಜಿ ಸಂಪರ್ಕದಲ್ಲಿ ಚಿತ್ರ ಮೂರು ಸೆಕೆಂಡು ನಿಂತುಹೋದರೂ ಎರಡು ಉಸಿರು ಲೆಕ್ಕ ತಪ್ಪುತ್ತಿತ್ತು. ಹೀಗಾಗಿ ಅಲ್ಲಿನ ಸಮುದಾಯ ಆರೋಗ್ಯ ಅಧಿಕಾರಿ ಎಣಿಸಿ ಹೇಳಿದ ಸಂಖ್ಯೆಯನ್ನೇ ಆಧರಿಸುತ್ತಿದ್ದೆ. ಅವರು ನುರಿತವರೇ, ಆದರೆ ಉಸಿರೆಳೆದಾಗ ಎದೆಯ ಕೆಳಭಾಗ ಒಳಕ್ಕೆ ಸೆಳೆದುಕೊಳ್ಳುತ್ತಿದೆಯೇ ಎಂಬುದನ್ನು ನಾನೇ ಕಣ್ಣಾರೆ ನೋಡಲಾಗದಿದ್ದದ್ದು ರಾತ್ರಿಯೂ ನನ್ನನ್ನು ಕಾಡುತ್ತಿತ್ತು.

ಸಮೀಪದಲ್ಲಿ 4ಜಿ ಟವರ್ ಬಂದ ಮೇಲೆ ಇಬ್ಬರೂ ಒಟ್ಟಿಗೆ ಎಣಿಸುವ ಕ್ರಮ ಮಾಡಿಕೊಂಡೆವು. ನಾನು ನನ್ನ ಸಂಖ್ಯೆ ಬರೆದುಕೊಳ್ಳುವವರೆಗೆ ಅವರು ತಮ್ಮದನ್ನು ಹೇಳುವುದಿಲ್ಲ. ಆಷಾಢದ ಒಂದು ಸಂಜೆ ಎರಡು ವರ್ಷದ ಮಗುವಿನ ಉಸಿರು ನನ್ನ ಎಣಿಕೆಯಲ್ಲಿ 54, ಅವರದರಲ್ಲಿ 56 ಬಂದಿತು. ಎದೆ ಒಳಸೆಳೆತವೂ ಸ್ಪಷ್ಟವಾಗಿ ಕಂಡಿತು. "ಹಾಲು ಕುಡೀತಿದೆಯಾ ಅಮ್ಮಾ?" ಎಂದು ಕೇಳಿದಾಗ, "ಬೆಳಿಗ್ಗೆಯಿಂದ ಏನೂ ಕುಡಿದಿಲ್ಲ ಡಾಕ್ಟ್ರೇ" ಎಂದರು ತಾಯಿ. ಕರೆ ಮುಗಿಯುವ ಮೊದಲೇ 108ಕ್ಕೆ ಹೇಳಿ ಮಗುವನ್ನು ಶಿವಮೊಗ್ಗಕ್ಕೆ ಕಳುಹಿಸಿದೆವು.

ಈ ಕೆಲಸಕ್ಕೆ ಮುಖ್ಯವಾದುದು ಉಪಕೇಂದ್ರದ ಅಪ್‌ಲೋಡ್ ವೇಗ, ಏಕೆಂದರೆ ಮಗುವಿನ ಚಿತ್ರ ಅಲ್ಲಿಂದ ಹೊರಡಬೇಕು. ಡೌನ್‌ಲೋಡ್ ವೇಗವನ್ನಷ್ಟೇ ನೋಡಿ ತೃಪ್ತರಾಗಿದ್ದ ನಾವು, ಕೋಣೆಯ ಮೂಲೆಮೂಲೆಯಲ್ಲೂ ಅಪ್‌ಲೋಡ್ ಪರೀಕ್ಷಿಸಿ, ಮೇಜನ್ನು ಟವರ್ ಕಡೆಯ ಕಿಟಕಿಯ ಬಳಿಗೆ ಸರಿಸಿದ ಮೇಲೆಯೇ ಚಿತ್ರ ನಿಲ್ಲುವುದು ಬಹುಮಟ್ಟಿಗೆ ತಪ್ಪಿತು.

ಇಸಿಜಿಗೆ ಇಷ್ಟು ವೇಗ ಬೇಕಿಲ್ಲ. ಆದರೆ ಅದರ ಗೆರೆಯಲ್ಲಿ ಕಾಗದದ ಮೇಲಿನ ಒಂದೇ ಸಣ್ಣ ಚೌಕದಷ್ಟು, ಅಂದರೆ 1 ಮಿಲಿಮೀಟರ್ ಏರಿಕೆಯೂ ಹೃದಯಾಘಾತದ ಸುಳಿವಾಗಬಲ್ಲದಾದ್ದರಿಂದ, ಹೃದ್ರೋಗ ತಜ್ಞರಿಗೆ ಅದನ್ನು ಕುಗ್ಗಿದ ಫೋಟೊ ಆಗಿ ಕಳುಹಿಸದೆ ಮೂಲ ಗಾತ್ರದ ಫೈಲ್ ಆಗಿಯೇ ಕಳುಹಿಸುತ್ತೇನೆ.

ದೇಶದಲ್ಲಿ 5ಜಿ ಸೇವೆ 2022ರ ಅಕ್ಟೋಬರ್ 1ರಂದು ಆರಂಭವಾಯಿತಾದರೂ ನಮ್ಮ ಉಪಕೇಂದ್ರ ಈಗಲೂ 4ಜಿಯನ್ನೇ ನೆಚ್ಚಿಕೊಂಡಿದೆ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲದೆ ಟವರಿನ ಬ್ಯಾಟರಿಯೂ ಬರಿದಾಗುತ್ತದೆ. ಅದಕ್ಕಾಗಿ ಎದೆ ಒಳಸೆಳೆತವಿರುವ ಅಥವಾ ಕುಡಿಯಲಾಗದ ಮಗುವನ್ನು ನನ್ನ ಕರೆಗೆ ಕಾಯದೆ, ಸಿಕ್ಕ ಜೀಪಿನಲ್ಲಿ ಕಳುಹಿಸಬೇಕೆಂದು ಬರೆದು ಉಪಕೇಂದ್ರದ ಗೋಡೆಗೆ ಅಂಟಿಸಿದ್ದೇವೆ.