ಮಾವನ ಪೆಟ್ಟಿಗೆಯ ಐದು ಸುತ್ತಿಗೆ

ನಮ್ಮ ಸೋದರಮಾವ ತಾಮ್ರದ ಹಂಡೆ, ಕೊಡ ತಟ್ಟುತ್ತಿದ್ದರು. ಅವರು ಹೋದ ಮೇಲೆ ಅತ್ತೆ ಪೆಟ್ಟಿಗೆ ತಂದು ನನ್ನ ಮುಂದಿಟ್ಟರು. "ಗುಜರಿಗೆ ಹಾಕೋಕೆ ಮನಸ್ಸಿಲ್ಲ ಕಣೋ, ನೀನೇ ಇಟ್ಕೋ" ಅಂದರು. ಒಳಗೆ ಐದು ಸುತ್ತಿಗೆ. ಎಲ್ಲಕ್ಕೂ ತುಕ್ಕು, ಎರಡಕ್ಕೆ ಕಾವೇ (ಹಿಡಿಯೇ) ಇಲ್ಲ.

ಸುತ್ತಿಗೆಯಲ್ಲಿ ಏನಿದೆ ಮಹಾ ಅಂದುಕೊಂಡು, ಕೈಗೆ ಹಿತವಾಗಿ ಕೂತ ಒಂದರಿಂದ ಗೋಡೆಗೆ ಕಾಂಕ್ರೀಟ್ ಮೊಳೆ ಹೊಡೆದೆ. ಮಾರನೇ ದಿನ ಅದರಲ್ಲೇ ತಾಮ್ರದ ತಗಡು ತಟ್ಟಿದರೆ, ಪ್ರತಿ ಪೆಟ್ಟಿಗೂ ಅದೇ ಒಂದು ಸಣ್ಣ ಕಚ್ಚು ಮೂಡುತ್ತಿತ್ತು. ತಿರುಗಿಸಿ ನೋಡಿದೆ. ಮುಖ ಕನ್ನಡಿ ಹಾಗೆ ನುಣುಪು, ನಡುವೆ ಕೂದಲೆಳೆಯಷ್ಟು ಉಬ್ಬು, ಅದರ ಮೇಲೆ ನನ್ನ ಮೊಳೆಯ ಗಾಯ. ಅದು ಪಾತ್ರೆಗೆ ಕೊನೆಯ ನುಣುಪು ಕೊಡುವ ಪ್ಲಾನಿಶಿಂಗ್ ಸುತ್ತಿಗೆ. 220, 400, 800 ಹೀಗೆ ಒಂದಕ್ಕಿಂತ ಒಂದು ನುಣುಪಾದ ಎಮರಿ ಕಾಗದ (ಲೋಹ ಉಜ್ಜುವ ಕಾಗದ) ಹಿಡಿದು ಎರಡು ಸಂಜೆ ಉಜ್ಜಿದೆ. ಗ್ರೈಂಡರ್ ಮುಟ್ಟಿಸಲಿಲ್ಲ. ಬಿಸಿಯಾದರೆ ಉಕ್ಕಿನ ಹದ ಹೋಗುತ್ತದೆ.

ಆಮೇಲೆ ಉಳಿದವನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ, ತಂತಿ ಬ್ರಷ್‌ನಿಂದ ಉಜ್ಜಿ, ಕೊರೆದ ಗುರುತು ಎದ್ದು ಕಾಣಲಿ ಅಂತ ಸೀಮೆಸುಣ್ಣ ಸವರಿದೆ. ಒಂದರ ಕೆನ್ನೆಯ ಮೇಲೆ 2 ಅಂತ ಕಂಡಿತು. ತಕ್ಕಡಿಗಿಟ್ಟರೆ ಸುಮಾರು 900 ಗ್ರಾಂ, ಅಂದರೆ ಎರಡು ಪೌಂಡ್. ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಗುಂಡು: ಗ್ಯಾರೇಜ್‌ಗಳಲ್ಲಿ ಕಾಣುವ ಬಾಲ್‌ಪೀನ್. ಗುಂಡು ಇರೋದು ತಗಡು ಜೋಡಿಸುವ ರಿವೆಟ್ ಮೊಳೆಯ ತಲೆ ಅರಳಿಸೋದಕ್ಕೆ.

ಆಕಾರ ನೋಡಿ ಗೊತ್ತಾಗದಿದ್ದರೆ ನಾನು ಮಾಡೋದು ಇಷ್ಟೇ: ಕಾಯಿಸಿ ಮೆದು ಮಾಡಿದ ತಾಮ್ರದ ಚೂರಿನ ಮೇಲೆ ಮೆಲ್ಲಗೆ ಒಂದು ಪೆಟ್ಟು. ಒಂದರಿಂದ ಕಾವಿಗೆ ಅಡ್ಡವಾಗಿ ಗೆರೆ ಬಿತ್ತು. ಕ್ರಾಸ್‌ಪೀನ್ ಅದು. ಲೋಹ ಗೆರೆಯ ಎರಡೂ ಬದಿಗೆ ಸರಿಯುತ್ತದೆ, ಹಾಗಾಗಿ ಪಟ್ಟಿ ಉದ್ದ ಮಾಡೋಕೆ ಕಮ್ಮಾರರಿಗೂ ಇದು ಬೇಕು. ಎರಡೂ ತುದಿ ಅಗಲವಾಗಿ, ಅಂಚು ಮೊಂಡಾಗಿದ್ದದ್ದು ತಗಡನ್ನು ಗೂಟದ ಮೇಲಿಟ್ಟು ಕೊಡದ ಮೈ ಎಬ್ಬಿಸುವ ಸುತ್ತಿಗೆ. ಇದರ ಅಂಚು ಸವೆದಿದೆ ಅಂತ ಚೂಪು ಮಾಡಬೇಡಿ, ತಗಡು ಹರಿಯುತ್ತದೆ.

ಇನ್ನೊಂದು ಮಾತು. ಸದ್ದು ಕೇಳೋಣ ಅಂತ ಸುತ್ತಿಗೆಗೆ ಸುತ್ತಿಗೆ ಹೊಡೆಯಬೇಡಿ. ಗಟ್ಟಿ ಮುಖದಿಂದ ಚಕ್ಕೆ ಹಾರಿದರೆ ಕಣ್ಣಿಗೇ ಅಪಾಯ.

ಐದನೆಯದು ಅಂಗೈಯಷ್ಟೇ. ಅಗಲ ಮುಖ, ಪುಟ್ಟ ಗುಂಡು, ಬೆರಳಿನಷ್ಟು ಸಣ್ಣ ಕಾವು. ಉಳಿಯ ತಲೆಗೆ ಟಕಟಕ ಬಡಿದು ಬಳ್ಳಿ, ಹೂವು ಮೂಡಿಸುವ ಚೇಸಿಂಗ್ ಸುತ್ತಿಗೆ. ಅದರ ಕಾವಿನಲ್ಲಿ ಮಾವನ ಹೆಬ್ಬೆರಳು ಸವೆಸಿದ ತಗ್ಗು ಇದೆ, ನನ್ನ ಬೆರಳು ಅಲ್ಲಿ ಕೂರುವುದಿಲ್ಲ. ಆ ಕಾವನ್ನು ಬದಲಿಸಿಲ್ಲ. ಮೊಳೆಗೆ ಅಂತ ಅಂಗಡಿಯಿಂದ ಬೇರೆಯದೇ ತಂದಿದ್ದೇನೆ.