ಅಮ್ಮನ ಸ್ಟ್ರೀಮಿಂಗ್ ಖಾತೆ ಮರಳಿ ಪಡೆದದ್ದು ಹೀಗೆ

ಬಸವನಗುಡಿಯ ನಮ್ಮ ಮನೆಯಲ್ಲಿ ಅಮ್ಮನ ಸ್ಟ್ರೀಮಿಂಗ್ ಖಾತೆಗೆ ಯಾರೋ ನುಗ್ಗಿದ್ದರು. ಹೊಸದೊಂದು ಪ್ರೊಫೈಲ್ ಬೇರೆ ಕಾಣಿಸಿತು.

ಮೊದಲು ಇಮೇಲ್ ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ಪರಿಶೀಲನೆ (ಪಾಸ್‌ವರ್ಡ್ ಜೊತೆಗೆ ಇನ್ನೊಂದು ಕೋಡ್ ಕೇಳುವ ವ್ಯವಸ್ಥೆ) ಹಾಕಿದೆ. ರೀಸೆಟ್ ಲಿಂಕ್ ಬರುವುದು ಅಲ್ಲಿಗೇ ಅಲ್ವಾ? ಅದು ಕಳ್ಳರ ಕೈಯಲ್ಲಿದ್ದರೆ ಉಳಿದದ್ದೆಲ್ಲ ಸುಮ್ನೆ. ಆಮೇಲೆ ಸ್ಟ್ರೀಮಿಂಗ್ ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದ ಸೈನ್ ಔಟ್ ಮಾಡಿದೆ. ಇದನ್ನು ಬಿಡಲೇಬೇಡಿ. ಪಾಸ್‌ವರ್ಡ್ ಬದಲಾದರೂ ಕೆಲವು ಕಡೆ ಹಳೆಯ ಲಾಗಿನ್ ಹಾಗೇ ಉಳಿದಿರುತ್ತದೆ.

ಪಾಸ್‌ವರ್ಡ್ ಸೋರಿದ್ದು ಎಲ್ಲಿಂದ? ನಮ್ಮ ಇಮೇಲ್ ಯಾವ ತಾಣದ ಸೋರಿಕೆಯಲ್ಲಿ ಸಿಕ್ಕಿಬಿದ್ದಿದೆ ಎಂದು ತೋರಿಸುವ 'ಹ್ಯಾವ್ ಐ ಬೀನ್ ಪೋನ್ಡ್' ಎಂಬ ತಾಣವನ್ನು ಭದ್ರತಾ ತಜ್ಞ ಟ್ರಾಯ್ ಹಂಟ್ 2013ರಲ್ಲಿ ಶುರು ಮಾಡಿದರು; ಅಲ್ಲಿ ಅಮ್ಮನ ಇಮೇಲ್ ಹಾಕಿ ನೋಡಿದೆ. ಯಾವುದೋ ಹಳೆಯ ಶಾಪಿಂಗ್ ತಾಣದ ಹೆಸರು ಬಂತು. ಒಂದು ಕಡೆ ಸೋರಿದ ಪಾಸ್‌ವರ್ಡನ್ನು ಕಳ್ಳರು ನೂರಾರು ಕಡೆ ಹಾಕಿ ನೋಡುತ್ತಾರೆ. ಈಗ ಒಂದೊಂದಕ್ಕೂ ಬೇರೆ ಪಾಸ್‌ವರ್ಡ್. ಹಣವೂ ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.